ಅರವತ್ತಕ್ಕೆ ಅರಳುಮರಳು ಅನಿವಾರ್ಯವೇ? ಊಟದ ತಟ್ಟೆಗೂ ಮಿದುಳಿಗೂ ಇರುವ ನಂಟು

ಚಳ್ಳಕೆರೆ: ‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ಕನ್ನಡಿಗರ ಮನೆಗಳಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಅಜ್ಜ ಒಂದೇ ಪ್ರಶ್ನೆಯನ್ನು ನಾಲ್ಕು ಬಾರಿ ಕೇಳಿದರೆ, ಅಜ್ಜಿ ಒಲೆಯ ಮೇಲಿಟ್ಟ ಹಾಲನ್ನು ಮರೆತರೆ, ಸಂತೆಗೆ ಹೋದ ಹಿರಿಯರು ಮನೆಯ ದಾರಿ ತಪ್ಪಿದರೆ ‘ವಯಸ್ಸಾಯಿತಲ್ಲ’ ಎಂದು ಮನೆಮಂದಿ ಸುಮ್ಮನಾಗುತ್ತಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಯುಗಾದಿಗೆ ಊರಿಗೆ ಬಂದಾಗ ತಂದೆಯ ಮಾತಿನಲ್ಲಿ ಏನೋ ವ್ಯತ್ಯಾಸವಾಗಿರುವುದನ್ನು ಗಮನಿಸಿದರೂ, ರಜೆ ಮುಗಿದೊಡನೆ ಆ ಚಿಂತೆಯೂ ಬಸ್ಸು ಹತ್ತುತ್ತದೆ.

ಹೀಗೆ ಸುಮ್ಮನಾಗುವುದರ ಬೆಲೆ ದೊಡ್ಡದು. ಮುಪ್ಪಿನ ಸಹಜ ಮರೆವು ಬೇರೆ, ವೈದ್ಯಕೀಯ ಭಾಷೆಯಲ್ಲಿ ಡಿಮೆನ್ಷಿಯಾ ಎಂದು ಕರೆಯಲಾಗುವ ಮರೆಗುಳಿ ರೋಗ ಬೇರೆ. ದೇಶದ ಹಿರಿಯರ ಬಗ್ಗೆ ನಡೆದ ‘ಲಾಸಿ-ಡ್ಯಾಡ್’ ಸಮೀಕ್ಷೆಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 60 ವರ್ಷ ಮೀರಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ ಈ ರೋಗದೊಂದಿಗೆ ಬದುಕುತ್ತಿದ್ದಾರೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು ಎಂಬುದು ಇಲ್ಲಿ ಗಮನಾರ್ಹ. ಮರೆಗುಳಿತನ ಶ್ರೀಮಂತರ, ಪಟ್ಟಣಿಗರ ಕಾಯಿಲೆ ಎಂಬ ನಂಬಿಕೆಗೆ ಈ ಅಂಕಿಅಂಶಗಳಲ್ಲಿ ಆಧಾರವಿಲ್ಲ.

ಈ ರೋಗವನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದ್ದರಿಂದಲೇ ತಡೆಯುವ ದಾರಿಗಳ ಕಡೆಗೆ, ಅದರಲ್ಲೂ ದಿನನಿತ್ಯದ ಊಟದ ಕಡೆಗೆ, ಸಂಶೋಧಕರ ಗಮನ ಹರಿದಿದೆ. ಯಾವ ಆಹಾರ ಮಿದುಳನ್ನು ಕಾಯುತ್ತದೆ? ಕಾಯುತ್ತದೆ ಎನ್ನುವುದಕ್ಕೆ ಪುರಾವೆ ಎಷ್ಟಿದೆ? ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮುದ್ದೆ, ಸಾರು, ಶೇಂಗಾ ಚಟ್ನಿಯ ಊಟಕ್ಕೆ ಈ ಲೆಕ್ಕದಲ್ಲಿ ಯಾವ ಸ್ಥಾನ?

ಮರೆವು ಬೇರೆ, ರೋಗ ಬೇರೆ

ಕನ್ನಡಕ ಇಟ್ಟ ಜಾಗ ಮರೆಯುವುದು ಸಾಮಾನ್ಯ. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ಕೇಳುವುದು ಸಾಮಾನ್ಯವಲ್ಲ. ಪರಿಚಿತರ ಹೆಸರು ತಡವಾಗಿ ನೆನಪಿಗೆ ಬರುವುದು ವಯಸ್ಸಿನ ಲಕ್ಷಣ. ಹತ್ತಾರು ವರ್ಷ ನಿಭಾಯಿಸಿದ ಹಣದ ಲೆಕ್ಕ, ಅಡುಗೆಯ ಕ್ರಮ, ಹೊಲದ ದಾರಿ ಇವೆಲ್ಲ ಕೈತಪ್ಪಿ ನಿತ್ಯದ ಬದುಕಿಗೇ ತೊಡಕಾದರೆ ಅದು ರೋಗದ ಸೂಚನೆ.

ಡಿಮೆನ್ಷಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಅದರಲ್ಲಿ ಹೆಚ್ಚು ಕಂಡುಬರುವುದು ಅಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಮಿದುಳಿನಲ್ಲಿ ಅಮಿಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳು ಅಸಹಜವಾಗಿ ಶೇಖರವಾಗಿ ನರಕೋಶಗಳು ನಶಿಸುತ್ತಾ ಹೋಗುವುದು ಇದರ ಬಗೆ. ಎರಡನೆಯದು ರಕ್ತನಾಳಗಳ ದೋಷದಿಂದ ಬರುವ ಮರೆಗುಳಿತನ. ಮಿದುಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಕಿರಿದಾಗಿ ಅಥವಾ ಮುಚ್ಚಿಹೋಗಿ, ಲಕ್ವ ಹೊಡೆದಾಗ ಒಮ್ಮೆಗೇ ಅಥವಾ ಯಾರ ಗಮನಕ್ಕೂ ಬಾರದಂತೆ ನಿಧಾನವಾಗಿ, ಮಿದುಳಿನ ಭಾಗಗಳು ಹಾನಿಗೊಳ್ಳುತ್ತವೆ. ಅನೇಕ ವೃದ್ಧರಲ್ಲಿ ಈ ಎರಡೂ ಬೆರೆತಿರುತ್ತವೆ.

ಇವುಗಳ ಜತೆಗೆ, ಮರೆಗುಳಿ ರೋಗದಂತೆಯೇ ತೋರುವ ಆದರೆ ಚಿಕಿತ್ಸೆಗೆ ಬಗ್ಗುವ ತೊಂದರೆಗಳೂ ಉಂಟು. ವಿಟಮಿನ್ ಬಿ-12 ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ, ಕೆಲವು ಔಷಧಗಳ ಅಡ್ಡಪರಿಣಾಮ ಇವುಗಳಲ್ಲಿ ಮುಖ್ಯವಾದವು. ‘ವಯಸ್ಸಾಯಿತಲ್ಲ’ ಎಂಬ ಒಂದು ಮಾತು ಇಂತಹ ಸರಿಪಡಿಸಬಹುದಾದ ಕಾಯಿಲೆಯನ್ನೂ ಮುಚ್ಚಿಬಿಡುತ್ತದೆ.

ತಟ್ಟೆಯಿಂದ ಮಿದುಳಿಗೆ ಹೋಗುವ ದಾರಿ

ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಈ ಅಂಗ, ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯಲ್ಲಿ ಶೇ 20ರಷ್ಟನ್ನು ತಾನೇ ಬಳಸಿಕೊಳ್ಳುತ್ತದೆ. ಈ ಶಕ್ತಿಯನ್ನು ಅದು ಕೂಡಿಟ್ಟುಕೊಳ್ಳಲಾರದು. ಕ್ಷಣಕ್ಷಣವೂ ರಕ್ತದ ಮೂಲಕವೇ ಸಕ್ಕರೆ ಮತ್ತು ಆಮ್ಲಜನಕ ಪೂರೈಕೆಯಾಗಬೇಕು. ಆದ್ದರಿಂದ ರಕ್ತನಾಳವನ್ನು ಕೆಡಿಸುವುದೆಲ್ಲವೂ ಮಿದುಳನ್ನೂ ಕೆಡಿಸುತ್ತದೆ. ಹೃದಯಕ್ಕೆ ಹಿತವಾದದ್ದು ಮಿದುಳಿಗೂ ಹಿತ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ಖ್ಯಾತ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ನೀಡಿದ ವರದಿಯಲ್ಲಿ, ಮರೆಗುಳಿ ರೋಗಕ್ಕೆ ಕಾರಣವಾಗುವ, ಆದರೆ ಬದಲಿಸಲು ಸಾಧ್ಯವಿರುವ 14 ಅಂಶಗಳನ್ನು ಪಟ್ಟಿ ಮಾಡಿದೆ. ಕಡಿಮೆ ಶಿಕ್ಷಣ, ಕಿವುಡು, ದೃಷ್ಟಿದೋಷ, ಅಧಿಕ ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ದೈಹಿಕ ಶ್ರಮದ ಅಭಾವ, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ವಾಯುಮಾಲಿನ್ಯ ಇವೇ ಆ 14. ಇವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಆಯೋಗ ಅಂದಾಜಿಸಿದೆ.

ಈ ಪಟ್ಟಿಯಲ್ಲಿ ‘ಆಹಾರ’ ಎಂಬ ಪ್ರತ್ಯೇಕ ಅಂಶವಿಲ್ಲ. ಹಾಗೆಂದು ಆಹಾರ ಮುಖ್ಯವಲ್ಲ ಎಂದಲ್ಲ. ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್, ಬೊಜ್ಜು ಈ ನಾಲ್ಕರ ಬೆನ್ನಿಗೂ ಅಡುಗೆಮನೆಯೇ ನಿಂತಿದೆ. ಐಸಿಎಂಆರ್ ನೆರವಿನ ರಾಷ್ಟ್ರೀಯ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿತು. ಇನ್ನೂ 13.6 ಕೋಟಿ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಊಟ ಮಿದುಳನ್ನು ಮುಟ್ಟುವುದು ಬಹುಪಾಲು ಈ ದಾರಿಯಲ್ಲಿ.

ದಖ್ಖನ್ನಿನ ಹಳೆಯ ಪಾಠ

ಊಟದ ಕೊರತೆ ನೇರವಾಗಿ ಬುದ್ಧಿಯನ್ನೇ ಕದಡಬಲ್ಲದು ಎಂಬುದಕ್ಕೆ ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲೇ ನಿದರ್ಶನವಿದೆ. ಪೆಲಾಗ್ರಾ ಎಂಬ ಕಾಯಿಲೆಯಲ್ಲಿ ಬಿಸಿಲು ಬೀಳುವ ಭಾಗದ ಚರ್ಮ ಕಪ್ಪಾಗಿ ಸಿಪ್ಪೆ ಏಳುತ್ತದೆ, ಭೇದಿ ಕಾಡುತ್ತದೆ, ಕೊನೆಗೆ ಮನಸ್ಸು ಭ್ರಮೆಗೊಳಗಾಗಿ ನೆನಪು ಕುಸಿಯುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಇದು ವ್ಯಾಪಕವಾಗಿತ್ತು. ಇದು ಸೋಂಕಲ್ಲ, ಊಟದ ಕೊರತೆ ಎಂದು 1914ರಿಂದೀಚೆಗೆ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ನಾಯಿಗಳ ಮೇಲಿನ ಪ್ರಯೋಗದಿಂದ ಆ ಕೊರತೆ ನಯಾಸಿನ್ ಎಂಬ ಬಿ ವಿಟಮಿನ್‌ನದು ಎಂಬುದನ್ನು ಗುರುತಿಸಿದರು.

ಇದೇ ಕಾಯಿಲೆ ಜೋಳವನ್ನೇ ಮುಖ್ಯ ಆಹಾರವಾಗಿಸಿಕೊಂಡಿದ್ದ ದಖ್ಖನ್ನಿನ ಬಡವರಲ್ಲೂ ಕಂಡುಬರುತ್ತಿತ್ತು. ಹೈದರಾಬಾದಿನ ಪೌಷ್ಟಿಕತಾ ಸಂಶೋಧನಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಕುರಿತು ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣ ಎಂಬುದು ಅವರ ವಾದವಾಗಿತ್ತು. ಆ ವಾದದ ಬಗ್ಗೆ ಮುಂದೆ ವಿದ್ವಾಂಸರಲ್ಲಿ ಚರ್ಚೆ ನಡೆಯಿತಾದರೂ, ಒಂದೇ ಧಾನ್ಯವನ್ನು ನೆಚ್ಚಿ ಜತೆಗೆ ಬೇಳೆ, ಹಾಲು, ಮಾಂಸ, ಸೊಪ್ಪು ಇಲ್ಲದಿದ್ದರೆ ಮಿದುಳು ಸೊರಗುತ್ತದೆ ಎಂಬ ಪಾಠ ಉಳಿಯಿತು.

ಚಳ್ಳಕೆರೆ ಸೀಮೆಯ ಶೇಂಗಾಕ್ಕೆ ಇಲ್ಲೊಂದು ಮಹತ್ವವಿದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ. ಜೋಳದ ರೊಟ್ಟಿಯ ಜತೆ ಶೇಂಗಾ ಚಟ್ನಿಪುಡಿ, ಮುದ್ದೆಯ ಜತೆ ಹುರುಳಿ ಸಾರು, ಸಾರಿನಲ್ಲಿ ಸೊಪ್ಪು ಎಂಬ ಹಳೆಯ ಜೋಡಣೆ ಯಾರೋ ಪುಸ್ತಕ ಓದಿ ಮಾಡಿದ್ದಲ್ಲ. ಆದರೂ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಣೆ ಅದು. ಇಂದು ಪೆಲಾಗ್ರಾ ಅಪರೂಪ. ಶೇಂಗಾ ತಿಂದರೆ ಅಲ್ಝೈಮರ್ ಬಾರದು ಎಂದು ಇದರಿಂದ ತೀರ್ಮಾನಿಸುವಂತೆಯೂ ಇಲ್ಲ.

ಮುಪ್ಪಿನ ಗುಪ್ತ ಕೊರತೆ

ಇಂದಿನ ಹಿರಿಯರಲ್ಲಿ ಹುಡುಕಬೇಕಾದ ಕೊರತೆ ವಿಟಮಿನ್ ಬಿ-12. ನರಗಳ ಹೊದಿಕೆಗೆ, ರಕ್ತಕಣಗಳಿಗೆ ಇದು ಅಗತ್ಯ. ಇದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ ದೊರೆಯುತ್ತದೆ. ಧಾನ್ಯ, ಸೊಪ್ಪು, ತರಕಾರಿಗಳಲ್ಲಿ ಇಲ್ಲವೆಂದೇ ಹೇಳಬೇಕು. ಸಸ್ಯಾಹಾರಿಗಳಲ್ಲಿ ಕೊರತೆ ಹೆಚ್ಚಾಗಿರುವುದು ಈ ಕಾರಣಕ್ಕೆ. ಆದರೆ ಮಾಂಸಾಹಾರಿ ಮನೆಗಳ ವೃದ್ಧರೂ ಸುರಕ್ಷಿತರಲ್ಲ. ಹಲ್ಲು ಉದುರಿದ ಮೇಲೆ ಮಾಂಸ ದೂರವಾಗುತ್ತದೆ. ವಯಸ್ಸಾದಂತೆ ಜಠರದಲ್ಲಿ ಆಮ್ಲ ಕಡಿಮೆಯಾಗಿ, ತಿಂದ ಆಹಾರದಿಂದ ಬಿ-12 ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಮಧುಮೇಹಕ್ಕೆ ವರ್ಷಗಟ್ಟಲೆ ಸೇವಿಸುವ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ದೀರ್ಘಕಾಲ ನುಂಗುವ ಆಮ್ಲ ತಗ್ಗಿಸುವ ಮಾತ್ರೆಗಳು ಕೊರತೆಯನ್ನು ಇನ್ನಷ್ಟು ಹೆಚ್ಚಿಸಬಲ್ಲವು.

ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ನಿಶ್ಶಕ್ತಿ, ಮಂಕು, ಮರೆವು ಇದರ ಲಕ್ಷಣಗಳು. ರಕ್ತ ಪರೀಕ್ಷೆಯಿಂದ ಕೊರತೆಯನ್ನು ಪತ್ತೆ ಮಾಡಬಹುದು. ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಪಡಿಸಬಹುದು. ತಡವಾದಷ್ಟೂ ನರಗಳಿಗಾದ ಹಾನಿ ಮರಳಿ ಸರಿಹೋಗುವ ಸಾಧ್ಯತೆ ಕಡಿಮೆ. ಇದೇ ವೇಳೆ ಒಂದು ಎಚ್ಚರಿಕೆಯೂ ಅಗತ್ಯ. ಕೊರತೆಯಿಲ್ಲದವರು ನೆನಪಿನ ಶಕ್ತಿ ಉಳಿಸಿಕೊಳ್ಳಲೆಂದು ಬಿ ವಿಟಮಿನ್, ಇ ವಿಟಮಿನ್, ಮೀನೆಣ್ಣೆಯ ಗುಳಿಗೆಗಳನ್ನು ನುಂಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ.

‘ಮೈಂಡ್’ ಆಹಾರ: ಭರವಸೆ ಮತ್ತು ಮಿತಿ

ಮಿದುಳಿಗೆಂದೇ ರೂಪಿಸಿದ ಆಹಾರ ಪದ್ಧತಿಗಳಲ್ಲಿ ಹೆಚ್ಚು ಹೆಸರಾದದ್ದು ‘ಮೈಂಡ್’. ಷಿಕಾಗೊದ ರಷ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಪ್ರಕಟಿಸಿದರು. ಸೊಪ್ಪು, ಇತರ ತರಕಾರಿ, ಕಾಳು, ಇಡೀ ಧಾನ್ಯ, ಬೀಜಗಳು, ಬೆರ್ರಿ ಜಾತಿಯ ಹಣ್ಣು, ಮೀನು, ಕೋಳಿ, ಆಲಿವ್ ಎಣ್ಣೆ ಹೆಚ್ಚು. ಕೆಂಪು ಮಾಂಸ, ಬೆಣ್ಣೆ, ಚೀಸ್, ಸಿಹಿತಿಂಡಿ, ಕರಿದ ತಿನಿಸು ಕಡಿಮೆ ಎಂಬುದು ಅದರ ತಿರುಳು. ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸಿದ ವೃದ್ಧರಲ್ಲಿ ಅಲ್ಝೈಮರ್ ಸಂಭವ ಶೇ 53ರಷ್ಟು ಕಡಿಮೆ ಇತ್ತು ಎಂದು ಆ ಅಧ್ಯಯನ ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದವು.

ಆದರೆ ಅದು ವೀಕ್ಷಣೆಯ ಅಧ್ಯಯನ. ಚೆನ್ನಾಗಿ ತಿನ್ನುವವರು ಸಾಮಾನ್ಯವಾಗಿ ಹೆಚ್ಚು ಓದಿದವರು, ನಡೆದಾಡುವವರು, ಧೂಮಪಾನ ಮಾಡದವರು ಆಗಿರುತ್ತಾರೆ. ಫಲ ಊಟದ್ದೋ ಉಳಿದದ್ದರದ್ದೋ ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ 604 ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಮೂರು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂದಿತು. ‘ಮೈಂಡ್’ ಪಾಲಿಸಿದವರಿಗೂ, ತಮ್ಮ ಎಂದಿನ ಊಟವನ್ನೇ ಸ್ವಲ್ಪ ಮಿತಗೊಳಿಸಿಕೊಂಡವರಿಗೂ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳು ಅಲ್ಪ ಸುಧಾರಣೆ ತೋರಿದ್ದವು. ದಶಕಗಳಲ್ಲಿ ಬೆಳೆಯುವ ರೋಗಕ್ಕೆ ಮೂರು ವರ್ಷದ ಪ್ರಯೋಗ ಸಾಲದು ಎಂಬ ಮಾತಿನಲ್ಲಿ ಹುರುಳಿದೆ. ಆದರೂ ಊಟವೊಂದೇ ರೋಗವನ್ನು ತಡೆಯುತ್ತದೆ ಎಂದು ಖಚಿತವಾಗಿ ಹೇಳುವ ಸ್ಥಿತಿ ಇಂದಿಗೂ ಇಲ್ಲ.

ಊಟದ ಜತೆ ಇತರ ಶಿಸ್ತುಗಳೂ ಸೇರಿದಾಗ ಚಿತ್ರ ಬದಲಾಗುತ್ತದೆ. ಫಿನ್ಲೆಂಡಿನ ‘ಫಿಂಗರ್’ ಅಧ್ಯಯನದಲ್ಲಿ 60ರಿಂದ 77 ವರ್ಷದ 1,260 ಮಂದಿ ಪಾಲ್ಗೊಂಡಿದ್ದರು. ಆಹಾರ ಸಲಹೆ, ವ್ಯಾಯಾಮ, ಬುದ್ಧಿಗೆ ಕಸರತ್ತು, ರಕ್ತದೊತ್ತಡ ಮುಂತಾದವುಗಳ ನಿಗಾ ಇವೆಲ್ಲವನ್ನೂ ಎರಡು ವರ್ಷ ಒಟ್ಟಿಗೆ ನೀಡಿದಾಗ ಬುದ್ಧಿಶಕ್ತಿಯಲ್ಲಿ ಪ್ರಯೋಜನ ಕಂಡಿತೆಂದು 2015ರಲ್ಲಿ ವರದಿಯಾಯಿತು. ಅಮೆರಿಕದಲ್ಲಿ 2,111 ಹಿರಿಯರ ಮೇಲೆ ನಡೆದ ಇಂಥದ್ದೇ ‘ಪಾಯಿಂಟರ್’ ಪ್ರಯೋಗದ ಫಲಿತಾಂಶ 2025ರಲ್ಲಿ ಬಂದಿದ್ದು, ಅದೂ ಇದೇ ದಿಕ್ಕನ್ನು ತೋರಿದೆ.

ಎಣ್ಣೆ ನಗರಿಯ ಎಣ್ಣೆ ಲೆಕ್ಕ

ಶೇಂಗಾ ವಹಿವಾಟು ಮತ್ತು ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ‘ಎಣ್ಣೆ ನಗರಿ’, ‘ಎರಡನೇ ಮುಂಬೈ’ ಎಂಬ ಹೆಸರುಗಳು ಬಂದವು. 1994ರಲ್ಲಿ ತಾಳೆ ಎಣ್ಣೆಯ ಆಮದಿನ ಮೇಲಿದ್ದ ನಿರ್ಬಂಧ ಸಡಿಲಗೊಂಡ ನಂತರ ದೇಶದ ಅಡುಗೆಮನೆಗಳ ಲೆಕ್ಕವೇ ಬದಲಾಯಿತು. ಇಂದು ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಾಗುತ್ತಿದ್ದು, ಅದರಲ್ಲಿ ತಾಳೆ ಎಣ್ಣೆಯ ಪಾಲೇ ದೊಡ್ಡದು. ಚಳ್ಳಕೆರೆಯ ಹಲವು ಗಿರಣಿಗಳು ಬಾಗಿಲು ಹಾಕಿದವು. ಶೇಂಗಾ ಬೆಳೆಯುವ ಊರಿನಲ್ಲೇ ತಾಳೆ ಎಣ್ಣೆಯ ಪೊಟ್ಟಣ ಅಗ್ಗವಾಯಿತು.

ಆರೋಗ್ಯದ ದೃಷ್ಟಿಯಿಂದ ಇವೆರಡೂ ಒಂದಲ್ಲ. ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬಿದ್ದು, ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಶೇಂಗಾ ಎಣ್ಣೆಯಲ್ಲಿ ಅದರ ಪ್ರಮಾಣ ಐದನೆಯ ಒಂದು ಭಾಗದಷ್ಟು ಮಾತ್ರ. ಆಲಿವ್ ಎಣ್ಣೆಯನ್ನು ಹುಡುಕಿಕೊಂಡು ದುಬಾರಿ ಮಳಿಗೆಗೆ ಹೋಗಬೇಕಾದ ಅಗತ್ಯ ಈ ಸೀಮೆಯವರಿಗಿಲ್ಲ. ಆದರೆ ಶೇಂಗಾ ಎಣ್ಣೆಯಲ್ಲಿ ಒಮೆಗಾ-3 ಕೊಬ್ಬು ಇಲ್ಲ. ಅಗಸೆ ಚಟ್ನಿಪುಡಿ, ತಿನ್ನುವವರಿಗೆ ಮೀನು ಆ ಕೊರತೆಯನ್ನು ತುಂಬಬಲ್ಲವು.

ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ಎಣ್ಣೆ ಎಂಬುದು ಕೆಲವೊಮ್ಮೆ ದೊಡ್ಡ ಪ್ರಶ್ನೆ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿ 2,000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ, ತುಪ್ಪ ಸಾಕೆನ್ನುತ್ತದೆ. ಅಂದರೆ ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ಸಂಜೆಯ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಈ ಭಾಗದ ಜನರ ಪ್ರೀತಿಯ ತಿನಿಸು. ವಾರಕ್ಕೊಮ್ಮೆ ತಿಂದರೆ ಆತಂಕವಿಲ್ಲ. ದಿನವೂ, ಅದೂ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದದ್ದಾದರೆ, ರಕ್ತನಾಳಗಳಿಗೆ ಪೆಟ್ಟು. ಇನ್ನೊಂದು ಸೂಕ್ಷ್ಮ: ಬೂಸಲು ಹಿಡಿದ ಶೇಂಗಾವನ್ನು ಬಿಸಾಡಬೇಕೇ ಹೊರತು ಹುರಿದು ಪುಡಿ ಮಾಡಬಾರದು. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗದು; ಅದು ಯಕೃತ್ತಿಗೆ ಮಾರಕ.

ಉಪ್ಪು, ಒತ್ತಡ ಮತ್ತು ಹಳ್ಳಿಯ ಉಪಾಯ

ಮಧ್ಯವಯಸ್ಸಿನ ಅಧಿಕ ರಕ್ತದೊತ್ತಡಕ್ಕೂ ಮುಪ್ಪಿನ ಮರೆಗುಳಿತನಕ್ಕೂ ನಿಕಟ ನಂಟಿದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿನಿಸಿನ ಉಪ್ಪೂ ಇದರಲ್ಲೇ ಸೇರಬೇಕು. ಬಹುತೇಕ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಪಲ್ಯವಿಲ್ಲದ ದಿನ ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡು ಊಟ ಮುಗಿಸುವ ಒಂಟಿ ವೃದ್ಧರ ತಟ್ಟೆಯಲ್ಲಿ ಉಪ್ಪಿನ ಪಾಲು ಇನ್ನೂ ಹೆಚ್ಚು.

ಚೀನಾದ ಗ್ರಾಮೀಣ ಪ್ರದೇಶದಲ್ಲಿ ನಡೆದ ಪ್ರಯೋಗವೊಂದು ಇಲ್ಲಿ ಉಲ್ಲೇಖಾರ್ಹ. 326 ಹಳ್ಳಿಗಳ, ಅಧಿಕ ರಕ್ತದೊತ್ತಡವಿದ್ದ ಸುಮಾರು 34 ಸಾವಿರ ಜನರನ್ನು ಅದು ಒಳಗೊಂಡಿತ್ತು. ಅರ್ಧದಷ್ಟು ಹಳ್ಳಿಗಳಲ್ಲಿ ಸ್ಥಳೀಯ ಆರೋಗ್ಯ ಕಾರ್ಯಕರ್ತರೇ ಔಷಧ, ಉಪ್ಪಿನ ಮಿತಿ, ಜೀವನಕ್ರಮದ ಸಲಹೆ ನೀಡಿ ಒತ್ತಡವನ್ನು ಹತೋಟಿಯಲ್ಲಿಟ್ಟರು. ನಾಲ್ಕು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಯಿತು ಎಂದು 2025ರಲ್ಲಿ ಪ್ರಕಟವಾದ ವರದಿ ತಿಳಿಸಿದೆ. ದೊಡ್ಡ ಆಸ್ಪತ್ರೆಯಾಗಲೀ ದುಬಾರಿ ಯಂತ್ರವಾಗಲೀ ಅಲ್ಲಿ ಬೇಕಾಗಲಿಲ್ಲ. ಆಶಾ ಕಾರ್ಯಕರ್ತೆಯರೂ ಉಪಕೇಂದ್ರಗಳೂ ಇರುವ ನಮ್ಮ ಹಳ್ಳಿಗಳಿಗೆ ಇದು ಅಸಾಧ್ಯವಾದ ಮಾದರಿಯೇನಲ್ಲ.

ಸಿರಿಧಾನ್ಯ ಸಂಜೀವಿನಿಯೇ?

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ ಇಲ್ಲಿನ ನೆಲಕ್ಕೆ ಒಗ್ಗಿದ ಧಾನ್ಯಗಳು. ನೀರಾವರಿ, ಮಾರುಕಟ್ಟೆ ಮತ್ತು ಪಡಿತರದ ಮೂಲಕ ಅಕ್ಕಿ ಸುಲಭವಾಗಿ ದೊರೆಯತೊಡಗಿದಂತೆ ತಟ್ಟೆಯಲ್ಲಿ ಅನ್ನದ ಪಾಲು ಬೆಳೆಯಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬರದ ನಾಡಿನ ಬಡವರ ಹಸಿವನ್ನು ನೀಗಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಪಾಲಿಷ್ ಮಾಡಿದ ಅಕ್ಕಿಯೊಂದನ್ನೇ ನೆಚ್ಚಿದರೆ ಮಧುಮೇಹಕ್ಕೆ ದಾರಿಯಾಗುತ್ತದೆ ಎಂಬುದೂ ಅಷ್ಟೇ ನಿಜ.

ಸಿರಿಧಾನ್ಯಗಳು ರಕ್ತದ ಸಕ್ಕರೆಯನ್ನು ತಗ್ಗಿಸಲು ನೆರವಾಗುತ್ತವೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ. ಆದರೆ ಅವು ಮರೆಗುಳಿ ರೋಗವನ್ನು ತಡೆಯುತ್ತವೆ ಎಂಬುದಕ್ಕೆ ನೇರ ಪುರಾವೆಯಿಲ್ಲ. ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟು, ಸಕ್ಕರೆ ಬೆರೆಸಿದ ಸಿರಿಧಾನ್ಯ ಬಿಸ್ಕತ್ತು ಹೆಸರಿಗಷ್ಟೇ ಆರೋಗ್ಯಕರ. ಮುದ್ದೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದರ ಜತೆಗಿನ ಸಾರಿನಲ್ಲಿ ಬೇಳೆ, ಕಾಳು, ಸೊಪ್ಪು ಎಷ್ಟಿದೆ ಎಂಬುದನ್ನು ನೋಡಬೇಕು.

ಅರಿಶಿನ, ಒಂದೆಲಗ, ಬ್ರಾಹ್ಮಿ ಮೊದಲಾದವುಗಳ ಮಾತೂ ಇದೇ. ಅಡುಗೆಯಲ್ಲಿ ಬಳಸುವುದಕ್ಕೆ ಅಡ್ಡಿಯಿಲ್ಲ. ಡಿಮೆನ್ಷಿಯಾ ತಡೆಯುತ್ತವೆ ಎಂದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ಮಿದುಳಿನ ರೋಗಗಳನ್ನು ವಾಸಿಮಾಡುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ ಎಂಬುದನ್ನು, ನೆನಪಿನ ಶಕ್ತಿಯ ಲೇಹ್ಯಕ್ಕೆ ಸಾವಿರಾರು ರೂಪಾಯಿ ತೆರುವ ಮುನ್ನ ನೆನೆಯುವುದು ಒಳಿತು.

ನಮ್ಮ ನೆಲದ ಅಧ್ಯಯನ

ಮೇಲೆ ಹೇಳಿದ ಪುರಾವೆಗಳಲ್ಲಿ ಬಹುಪಾಲು ಹೊರದೇಶಗಳದ್ದು. ಮುದ್ದೆ ಉಣ್ಣುವ, ಶಾಲೆಯ ಮುಖ ಕಾಣದ, ಬಿಸಿಲಿನಲ್ಲಿ ದುಡಿದು ಮುಪ್ಪಾದ ಹಳ್ಳಿಗರಿಗೆ ಅದು ಎಷ್ಟು ಅನ್ವಯಿಸುತ್ತದೆ ಎಂಬ ಪ್ರಶ್ನೆ ಸಹಜ. ಈ ಪ್ರಶ್ನೆಗೆ ಉತ್ತರ ಹುಡುಕುವ ಕಾರ್ಯ ಕರ್ನಾಟಕದಲ್ಲೇ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದ 10 ಸಾವಿರ ಮಂದಿಯನ್ನು ವರ್ಷಾನುವರ್ಷ ಪರೀಕ್ಷಿಸುತ್ತಾ ಹೋಗುವ ‘ಸ್ಯಾನ್ಸ್‌ಕಾಗ್’ ಎಂಬ ಅಧ್ಯಯನವನ್ನು ಕೈಗೊಂಡಿದೆ. ರಕ್ತ, ನೆನಪು, ಮಿದುಳಿನ ಚಿತ್ರಣ, ಜೀವನಕ್ರಮ ಎಲ್ಲವೂ ದಾಖಲಾಗುತ್ತವೆ. ಬೆಂಗಳೂರು ನಗರದ ಹಿರಿಯರ ಮೇಲೂ ಸಮಾನಾಂತರ ಅಧ್ಯಯನ ಸಾಗಿದೆ. ಇದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ 1,500 ಎಕರೆ ಪ್ರದೇಶದಲ್ಲಿದೆ.

ಶ್ರೀನಿವಾಸಪುರವೂ ಚಳ್ಳಕೆರೆಯಂತೆ ಆಂಧ್ರದ ಗಡಿಗೆ ಅಂಟಿದ, ರಾಗಿ ಉಣ್ಣುವ, ಕನ್ನಡ ತೆಲುಗು ಎರಡನ್ನೂ ಆಡುವ ಸೀಮೆ. ಈ ಎರಡು ಭಾಷೆಯ ಬಾಳ್ವೆಗೂ ಮಿದುಳಿಗೂ ಸಂಬಂಧವಿದೆ ಎಂಬ ಸೂಚನೆ ಇನ್ನೊಂದು ಅಧ್ಯಯನದಿಂದ ದೊರೆತಿದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ವ್ಯತ್ಯಾಸ ಇತ್ತೆಂಬುದು ವಿಶೇಷ.

ಮನೆಯಲ್ಲಿ ಮಾಡಬಹುದಾದದ್ದು

ನಲವತ್ತು ದಾಟಿದವರು ತಮಗಾಗಿ, ಎಪ್ಪತ್ತು ದಾಟಿದ ತಂದೆ ತಾಯಿಗಾಗಿ ಇಂದೇ ಆರಂಭಿಸಬಹುದಾದ ಕೆಲವು ಕ್ರಮಗಳಿವೆ.

ದಿನಕ್ಕೊಂದು ಹೊತ್ತಾದರೂ ಸೊಪ್ಪು ಇರಲಿ: ಪುಂಡಿ, ನುಗ್ಗೆ, ಹೊನಗೊನ್ನೆ, ಮೆಂತ್ಯ ಯಾವುದಾದರೂ ಸರಿ. ಹುರುಳಿ, ಅಲಸಂದೆ, ಹೆಸರು, ತೊಗರಿ ಸರದಿಯಲ್ಲಿ ಬರಲಿ. ಒಂದು ಹಿಡಿ ಶೇಂಗಾ, ಹಲ್ಲಿಲ್ಲದವರಿಗೆ ಚಟ್ನಿ ರೂಪದಲ್ಲಿ. ಒಂದು ಲೋಟ ಹಾಲು ಅಥವಾ ಮೊಸರು. ನೇರಳೆ, ಸೀಬೆ, ಪಪ್ಪಾಯಿಯಂತಹ ಊರಿನ ಹಣ್ಣು. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮೀನು. ಸಕ್ಕರೆ, ಉಪ್ಪು, ಕರಿದದ್ದು ಮಿತಿಯಲ್ಲಿ. ಹೊಗೆಸೊಪ್ಪು, ಬೀಡಿ, ಸಾರಾಯಿಗೆ ವಿದಾಯ.

ವಯಸ್ಸಾದವರು ಪಥ್ಯದ ಹೆಸರಿನಲ್ಲಿ ತೂಕ ಇಳಿಸಿಕೊಳ್ಳುವುದು ಸಲ್ಲದು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅದೇ ಒಂದು ಎಚ್ಚರಿಕೆಯ ಗಂಟೆ. ಕಿಡ್ನಿ ತೊಂದರೆ, ಮಧುಮೇಹ ಇರುವವರು ಊಟದ ಬದಲಾವಣೆಗೆ ಮುನ್ನ ವೈದ್ಯರನ್ನು ಕೇಳಬೇಕು. ರಕ್ತದೊತ್ತಡ, ಸಕ್ಕರೆಯ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ಮೀರಿದವರಿಗೆ ಉಚಿತ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯದಲ್ಲಿ ಜಾರಿಗೆ ಬಂದಿರುವ ‘ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ’ದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯಗಳನ್ನು ತೆರೆಯುವ ಕ್ರಮ ಕೈಗೊಳ್ಳಲಾಗಿದೆ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567.

ರೋಗ ಬಂದ ಮನೆಯಲ್ಲಿ

ರೋಗ ಬಂದ ಮೇಲೆ ಊಟದ ಪ್ರಶ್ನೆ ಬೇರೆಯದೇ ರೂಪ ತಾಳುತ್ತದೆ. ಉಂಡದ್ದನ್ನು ಮರೆತು ಮತ್ತೆ ಕೇಳುವವರು, ಹಸಿವನ್ನೇ ಮರೆಯುವವರು, ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂರುವವರು ಉಂಟು. ನಿಗದಿತ ಹೊತ್ತಿಗೆ, ಗದ್ದಲವಿಲ್ಲದ ಜಾಗದಲ್ಲಿ, ಒಮ್ಮೆಗೆ ಒಂದೇ ಪದಾರ್ಥವನ್ನು ಸ್ವಲ್ಪ ಸ್ವಲ್ಪವೇ ಬಡಿಸುವುದು, ಜತೆಯಲ್ಲಿ ಕುಳಿತು ತಾವೂ ಉಣ್ಣುವುದು ನೆರವಾಗುತ್ತದೆ. ನೀರು ಕೇಳುವುದಿಲ್ಲವಾದ್ದರಿಂದ ನಾವೇ ನೆನಪಿಸಿ ಕೊಡಬೇಕು. ನುಂಗುವಾಗ ಕೆಮ್ಮು ಬರುತ್ತಿದ್ದರೆ ಮುದ್ದೆಯ ದೊಡ್ಡ ತುತ್ತು ಗಂಟಲಿಗೆ ಸಿಲುಕುವ ಅಪಾಯವಿದೆ. ಯಾವ ಹದದ ಊಟ, ಎಷ್ಟು ಗಟ್ಟಿಯ ಗಂಜಿ ಸುರಕ್ಷಿತ ಎಂಬುದನ್ನು ವೈದ್ಯರಿಂದ ತಿಳಿದುಕೊಳ್ಳಬೇಕು. ‘ಈಗ ತಾನೇ ಉಂಡಿರಲ್ಲ’ ಎಂದು ಗದರುವುದರಿಂದ ಯಾವ ಪ್ರಯೋಜನವೂ ಇಲ್ಲ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಸಾಮ್ರಾಟ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ತಂದೆ ತಾಯಿಯರ ಸೇವೆ ಮಾಡಬೇಕು, ಹಿರಿಯರನ್ನು ಗೌರವಿಸಬೇಕು ಎಂಬ ಬೋಧನೆ ಆ ಬಂಡೆಗಳ ಮೇಲೆ 2,200ಕ್ಕೂ ಹೆಚ್ಚು ವರ್ಷಗಳಿಂದ ಉಳಿದುಕೊಂಡಿದೆ. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಇಂದು ಸಂಜೆ ಫೋನ್ ಮಾಡಿದಾಗ ‘ಊಟ ಆಯಿತಾ?’ ಎಂದು ಕೇಳಿ ಮುಗಿಸದೆ, ‘ಏನು ಉಂಡಿರಿ?’ ಎಂದೂ ಕೇಳುವುದು ಒಳ್ಳೆಯದು. ‘ಅನ್ನ, ಉಪ್ಪಿನಕಾಯಿ’ ಎಂಬ ಉತ್ತರ ದಿನವೂ ಬರುತ್ತಿದ್ದರೆ, ಅಥವಾ ಏನು ಉಂಡೆನೆಂಬುದೇ ಅವರಿಗೆ ನೆನಪಾಗದಿದ್ದರೆ, ಮುಂದಿನ ಹಬ್ಬದವರೆಗೆ ಕಾಯದೆ ಊರಿಗೆ ಹೊರಡಬೇಕು.